ಮೇ 5ಕ್ಕೆ ಹೇಳಬಾರದ ಶುಭಾಶಯ: ಅಮೆರಿಕದ ಲ್ಯಾಟಿನೊ ಹಬ್ಬಗಳ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಕ್ಯಾಲಿಫೋರ್ನಿಯಾದ ಒಂದು ಆಫೀಸಿನಲ್ಲಿ ನಾವು ನಾಲ್ಕೈದು ಮಂದಿ ಕನ್ನಡಿಗರಿದ್ದೆವು. ಒಂದು ಮೇ 5ರಂದು ಕ್ಯಾಂಟೀನಿನವರು ಹಂಚಿದ ಅಗಲ ಅಂಚಿನ ಹುಲ್ಲು ಟೋಪಿ ಹಾಕಿಕೊಂಡು, ಮೆಕ್ಸಿಕೊ ಮೂಲದ ಸಹೋದ್ಯೋಗಿಯೊಬ್ಬರ ಕೈ ಕುಲುಕಿ, ಸ್ವಾತಂತ್ರ್ಯ ದಿನದ ಶುಭಾಶಯ ಹೇಳಿದೆವು. ಆಕೆ ಸಿಟ್ಟಾಗಲಿಲ್ಲ. ಮುಂದಿನ ಜನವರಿ 26ಕ್ಕೆ ತಪ್ಪದೆ ನಿಮಗೆ ದೀಪಾವಳಿಯ ಶುಭಾಶಯ ಹೇಳುತ್ತೇನೆ ಎಂದು ನಕ್ಕು ಹೊರಟುಹೋದರು. ಟೋಪಿ ತೆಗೆದಿಟ್ಟು ಓದಲು ಕೂತದ್ದು ಆಮೇಲೆ. ಲ್ಯಾಟಿನೊ ಹಬ್ಬಗಳ ಬಗ್ಗೆ ನಮ್ಮ ತಲೆಯಲ್ಲಿದ್ದ ಬಹುಪಾಲು ಸಿನಿಮಾದಿಂದ, ಬಿಯರ್ ಜಾಹೀರಾತಿನಿಂದ ಬಂದದ್ದೆಂದು ಆಗ ತಿಳಿಯಿತು.

ತಪ್ಪು ಕಲ್ಪನೆ: ಸಿಂಕೊ ದೆ ಮಾಯೊ, ಅಂದರೆ ಮೇ 5, ಮೆಕ್ಸಿಕೊದ ಸ್ವಾತಂತ್ರ್ಯ ದಿನ.

ವಾಸ್ತವ: ಅಲ್ಲ. ಮೆಕ್ಸಿಕೊದ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. 1810ರ ಆ ಬೆಳಗಿನ ಜಾವ ದೊಲೋರೆಸ್ ಎಂಬ ಊರಿನ ಪಾದ್ರಿ ಮಿಗೆಲ್ ಇದಾಲ್ಗೊ ಚರ್ಚಿನ ಗಂಟೆ ಬಾರಿಸಿ, ಸ್ಪೇನಿನ ಆಡಳಿತದ ವಿರುದ್ಧ ಜನರನ್ನು ಎಬ್ಬಿಸಿದರು. ಈಗಲೂ ಸೆಪ್ಟೆಂಬರ್ 15ರ ರಾತ್ರಿ ಅಧ್ಯಕ್ಷರು ರಾಜಧಾನಿಯ ಅರಮನೆಯ ಉಪ್ಪರಿಗೆಯಲ್ಲಿ ನಿಂತು ಅದೇ ಗಂಟೆಯನ್ನು ಬಾರಿಸಿ ಜಯಘೋಷ ಕೂಗುತ್ತಾರೆ. ಕೆಳಗಿನ ಚೌಕದಲ್ಲಿ ನೆರೆದ ಜನ ದನಿಗೂಡಿಸುತ್ತಾರೆ.

ಮೇ 5ರದು ಅರ್ಧ ಶತಮಾನ ಆಮೇಲಿನ ಕಥೆ, ಮತ್ತು ಅದು ಸಾಲದಿಂದ ಶುರುವಾಗುತ್ತದೆ. ಅಂತರ್ಯುದ್ಧದಲ್ಲಿ ಖಜಾನೆ ಬರಿದಾಗಿದ್ದರಿಂದ ಅಧ್ಯಕ್ಷ ಬೆನಿತೊ ಹುವಾರೆಸ್ 1861ರಲ್ಲಿ ವಿದೇಶಿ ಸಾಲ ತೀರಿಸುವುದನ್ನು ಎರಡು ವರ್ಷ ತಡೆಹಿಡಿದರು. ವಸೂಲಿಗೆಂದು ಬ್ರಿಟನ್, ಸ್ಪೇನ್, ಫ್ರಾನ್ಸ್ ಮೂರೂ ಹಡಗು ಕಳಿಸಿದವು. ಮೊದಲ ಎರಡು ದೇಶಗಳು ಮಾತುಕತೆ ಮುಗಿಸಿ ವಾಪಸಾದವು. ಫ್ರಾನ್ಸಿನ ಮೂರನೆಯ ನೆಪೋಲಿಯನ್‌ಗೆ ಸಾಲ ಬರಿಯ ನೆಪ, ಬೇಕಿದ್ದದ್ದು ಸಾಮ್ರಾಜ್ಯ. ರಾಜಧಾನಿಯತ್ತ ಹೊರಟ ಸುಮಾರು 6,000 ಫ್ರೆಂಚ್ ಸೈನಿಕರನ್ನು 1862ರ ಮೇ 5ರಂದು ಪ್ವೆಬ್ಲಾ ಊರಿನ ಬಳಿ ಅದಕ್ಕಿಂತ ಚಿಕ್ಕದಾದ, ಆಯುಧವೂ ಸಾಲದ ಪಡೆಯೊಂದು ಹಿಮ್ಮೆಟ್ಟಿಸಿತು. ಅದರ ಸೇನಾನಿ ಇಗ್ನಾಸಿಯೊ ಸರಗೋಸಾಗೆ ಆಗ 33 ವರ್ಷ. ಅದೇ ಸೆಪ್ಟೆಂಬರಿನಲ್ಲಿ ವಿಷಮಶೀತ ಜ್ವರಕ್ಕೆ ತೀರಿಕೊಂಡರು.

ಗೆದ್ದದ್ದು ಒಂದು ಕಾಳಗ, ಯುದ್ಧವನ್ನಲ್ಲ. ಮರುವರ್ಷ ಫ್ರೆಂಚರು ಪ್ವೆಬ್ಲಾವನ್ನೂ ರಾಜಧಾನಿಯನ್ನೂ ಹಿಡಿದರು. ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್‌ನನ್ನು ತಂದು ಚಕ್ರವರ್ತಿ ಮಾಡಿದರು. 1867ರಲ್ಲಿ ಹುವಾರೆಸರ ಪಡೆ ಅವನನ್ನು ಗುಂಡಿಟ್ಟು ಕೊಂದ ಮೇಲೆ ಗಣರಾಜ್ಯ ಮರಳಿತು. ಆದ್ದರಿಂದಲೇ ಮೆಕ್ಸಿಕೊದಲ್ಲಿ ಮೇ 5ರ ಸಡಗರವೆಲ್ಲ ಹೆಚ್ಚಾಗಿ ಪ್ವೆಬ್ಲಾದಲ್ಲಿ. ಉಳಿದ ಕಡೆ ಅದು ಕಡ್ಡಾಯ ರಜೆಯೂ ಅಲ್ಲ.

ತಪ್ಪು ಕಲ್ಪನೆ: ಹಾಗಿದ್ದರೆ ಮೇ 5 ಅಮೆರಿಕದ ಬಿಯರ್ ಕಂಪನಿಗಳು ಹುಟ್ಟಿಸಿದ ಹಬ್ಬ.

ವಾಸ್ತವ: ಮೊದಲ ತಪ್ಪನ್ನು ತಿದ್ದಿಕೊಂಡ ಜಾಣರು ನೇರವಾಗಿ ಹೋಗಿ ಬೀಳುವ ಗುಂಡಿ ಇದು. ನಾವೂ ಬಿದ್ದೆವು. ಎರಡು ವರ್ಷ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಒಪ್ಪಿಸುತ್ತಿದ್ದೆವು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ಡೇವಿಡ್ ಹೇಯ್ಸ್-ಬಾವುತಿಸ್ತಾ ಹಳೆಯ ಸ್ಪ್ಯಾನಿಷ್ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ 2012ರಲ್ಲಿ ಒಂದು ಪುಸ್ತಕ ಬರೆದರು. ಅವರು ತೋರಿಸಿಕೊಟ್ಟದ್ದು ಇಷ್ಟು: ಪ್ವೆಬ್ಲಾದ ಸುದ್ದಿ ಕ್ಯಾಲಿಫೋರ್ನಿಯಾ ತಲುಪಿದಾಗ ಚಿನ್ನದ ಗಣಿಗಳ ಕೊಲಂಬಿಯಾ ಎಂಬ ಊರಿನಲ್ಲಿ ಮೆಕ್ಸಿಕನ್ ಕಾರ್ಮಿಕರು ಬಂದೂಕು ಹಾರಿಸಿದರು, ಹಾಡಿದರು, ನಿಂತಲ್ಲೇ ಭಾಷಣ ಮಾಡಿದರು. ಆಗ ಅಮೆರಿಕದಲ್ಲೂ ಅಂತರ್ಯುದ್ಧ ನಡೆಯುತ್ತಿತ್ತು. ಗುಲಾಮಗಿರಿಯ ಪರವಾದ ದಕ್ಷಿಣದ ರಾಜ್ಯಗಳತ್ತ ಮೂರನೆಯ ನೆಪೋಲಿಯನ್ನನ ಒಲವಿತ್ತು. ಹೀಗಾಗಿ ಕ್ಯಾಲಿಫೋರ್ನಿಯಾದ ಲ್ಯಾಟಿನೊ ಜನಕ್ಕೆ ಎರಡು ಯುದ್ಧಗಳೂ ಒಂದೇ ಆಗಿ ಕಂಡವು. ಒಂದರಲ್ಲಿ ತಮ್ಮ ಪರ ಲಿಂಕನ್, ಇನ್ನೊಂದರಲ್ಲಿ ಹುವಾರೆಸ್. ದೇಶಾಭಿಮಾನಿ ಸಂಘಗಳು ಊರೂರಲ್ಲಿ ಹುಟ್ಟಿದವು, ಚಂದಾ ಎತ್ತಿ ಮೆಕ್ಸಿಕೊಗೆ ಕಳಿಸಿದವು, ವರ್ಷವರ್ಷ ಮೇ 5ನ್ನು ಆಚರಿಸಿದವು. ಈ ಹಬ್ಬ ಮೆಕ್ಸಿಕೊದಿಂದ ಪೆಟ್ಟಿಗೆಯಲ್ಲಿ ಬಂದದ್ದಲ್ಲ. ಅದು ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ್ದು, ಬಾಟಲಿ ಬರುವುದಕ್ಕೆ ನೂರಿಪ್ಪತ್ತು ವರ್ಷ ಮುಂಚೆ.

1960-70ರ ದಶಕಗಳಲ್ಲಿ ಚಿಕಾನೊ, ಅಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರ, ಚಳವಳಿಯ ವಿದ್ಯಾರ್ಥಿಗಳು ಅದಕ್ಕೆ ಮತ್ತೆ ಜೀವ ಕೊಟ್ಟರು. ಬಡವರು, ಮೂಲನಿವಾಸಿಗಳು ಸೇರಿ ಯುರೋಪಿನ ಸೇನೆಯನ್ನು ತಡೆದ ದಿನ ಅವರಿಗೆ ಹಿಡಿಸಿದ್ದು ಸಹಜ. ಬಿಯರ್ ಕಂಪನಿಗಳು ಬಂದದ್ದು 1980ರ ದಶಕದಲ್ಲಿ. ಅವರು ಹಬ್ಬವನ್ನು ಹುಟ್ಟಿಸಲಿಲ್ಲ, ಕೊಂಡುಕೊಂಡರು. ಎರಡಕ್ಕೂ ವ್ಯತ್ಯಾಸವಿದೆ.

ತಪ್ಪು ಕಲ್ಪನೆ: ಸತ್ತವರ ದಿನ ಎಂದರೆ ಮೆಕ್ಸಿಕೊದ ಹ್ಯಾಲೊವೀನ್. ತಲೆಬುರುಡೆ, ಅಸ್ಥಿಪಂಜರ, ದೆವ್ವ ಕರೆಯುವ ಆಚರಣೆ. ಅಂಥದ್ದನ್ನು ಮನೆಯೊಳಗೆ ತಂದರೆ ಕೇಡು.

ವಾಸ್ತವ: ಇದನ್ನು ನಮ್ಮವರೇ ಹೇಳುವುದು ಕೇಳಿದ್ದೇವೆ. ಮಗಳು ಶಾಲೆಯಲ್ಲಿ ಬಣ್ಣ ಹಚ್ಚಿ ತಂದ ಸಕ್ಕರೆ ಬುರುಡೆಯನ್ನು ಬಾಗಿಲಾಚೆಯೇ ಇಡಿಸಿದ ಗೃಹಿಣಿಯೂ ನಮ್ಮ ಬಳಗದಲ್ಲಿದ್ದಾರೆ. ಅವರನ್ನು ನಕ್ಕು ತಳ್ಳಿಹಾಕಬೇಕಿಲ್ಲ. ಸಾವಿನ ಚಿಹ್ನೆ ಕಂಡರೆ ಅಳುಕುವುದು ಯಾವ ಮನೆಯಲ್ಲಿ ಇಲ್ಲ? ಆದರೆ ಆ ದಿನ ನಿಜವಾಗಿ ಏನು ಮಾಡುತ್ತಾರೆಂದು ನೋಡಿದರೆ ಅಳುಕು ತಾನಾಗಿ ಇಳಿಯುತ್ತದೆ.

ನವೆಂಬರ್ 1 ಮತ್ತು 2 ಈ ಹಬ್ಬದ ದಿನಗಳು. ಸಾಮಾನ್ಯವಾಗಿ ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಎರಡನೆಯ ದಿನ ದೊಡ್ಡವರಿಗೆ. ಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಪೀಠ ಕಟ್ಟುತ್ತಾರೆ. ಅದರ ಮೇಲೆ ಹೋದವರ ಫೋಟೊ, ದೀಪ, ದೂರದಿಂದ ಬಂದವರ ದಾಹಕ್ಕೆ ಒಂದು ಲೋಟ ನೀರು, ಉಪ್ಪು, ವಿಶೇಷವಾಗಿ ಸುಟ್ಟ ಬ್ರೆಡ್. ಕೋಪಾಲ್ ಎಂಬ ಮರದ ಅಂಟಿನ ಧೂಪ ಹಾಕುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೆಲ್ಲ ಬರುತ್ತದೆ, ಸಿಗರೇಟು, ಟಕೀಲಾ ಸಹ. ಹಳೆ ಮೈಸೂರು ಕಡೆಯ ಹಿರಿಯರ ಹಬ್ಬದಲ್ಲಿ ಅಜ್ಜನ ಎಡೆಗೆ ಬಾಡಿನ ಜತೆ ಬೀಡಿ ಕಟ್ಟನ್ನೂ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವುದನ್ನು ಕಂಡವರಿಗೆ ಇದರಲ್ಲಿ ವಿವರಿಸುವುದು ಏನೂ ಉಳಿಯುವುದಿಲ್ಲ. ಹ್ಯಾಲೊವೀನಿನಲ್ಲಿ ಸತ್ತವರೆಂದರೆ ಭಯ. ಇಲ್ಲಿ ಸತ್ತವರೆಂದರೆ ನೆಂಟರು.

ಆ ಪೀಠಕ್ಕೆ ಹಾಕುವ ಹೂವು ಯಾವುದು ಗೊತ್ತೆ? ನಮ್ಮ ಚೆಂಡುಹೂವು. ಅಲ್ಲಿ ಅದರ ಹೆಸರು ಸೆಂಪಾಸೂಚಿಲ್. ಆಜ್ಟೆಕರ ನವಾತಲ್ ಭಾಷೆಯಲ್ಲಿ ಇಪ್ಪತ್ತು ಹೂವು ಎಂದು ಅರ್ಥ, ಎಸಳು ಅಷ್ಟು ದಟ್ಟವೆಂದು. ಹಾದಿಯುದ್ದ ಎಸಳು ಚೆಲ್ಲಿದರೆ ಆ ಬಣ್ಣ, ಆ ವಾಸನೆ ಹಿಡಿದು ಹಿರಿಯರು ಮನೆ ಸೇರುತ್ತಾರೆಂಬ ನಂಬಿಕೆ. ಇಂಗ್ಲಿಷಿನಲ್ಲಿ ಅದನ್ನು ಆಫ್ರಿಕನ್ ಮಾರಿಗೋಲ್ಡ್ ಎನ್ನುವುದು ಇನ್ನೊಂದು ತಪ್ಪು ಕಲ್ಪನೆ. ಅದರ ತವರು ಮೆಕ್ಸಿಕೊ. ಕೊಲಂಬಸ್ ಆಚೆ ದಡ ಮುಟ್ಟುವ ಮೊದಲು ನಮ್ಮ ನೆಲದಲ್ಲಿ ಆ ಗಿಡವೂ ಇರಲಿಲ್ಲ, ಹಸಿಮೆಣಸಿನಕಾಯಿಯೂ ಇರಲಿಲ್ಲ. ಆಯುಧಪೂಜೆಗೆ ನಾವು ಬಸ್ಸಿಗೂ ಲೇತ್ ಮಿಷನ್ನಿಗೂ ಮಾರುಗಟ್ಟಲೆ ಸುತ್ತುವ ಹೂವಿನ ಊರು ಅದು. ಅದನ್ನು ಮಂಗಳವೆಂದು ಮನೆಯೊಳಗೆ ತಂದು, ಬುರುಡೆಯನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿದ್ದೇವೆ.

ಇನ್ನು ಈ ಹಬ್ಬ ಅಪ್ಪಟ ಆಜ್ಟೆಕರದೆಂಬ ಮಾತೂ ಪೂರ್ತಿ ಸರಿಯಲ್ಲ. ತಾರೀಕುಗಳು ಕ್ಯಾಥೊಲಿಕ್ ಚರ್ಚಿನವು, ಸಕ್ಕರೆ ಬಂದದ್ದು ಸ್ಪೇನಿನವರ ಜತೆ, ಹೂವು ಮತ್ತು ಕೋಪಾಲ್ ನೆಲದವು. ಎಷ್ಟು ಪಾಲು ಯಾರದೆಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ.

ಅಮೆರಿಕದಲ್ಲಿ ಇದು ಬೀದಿಗೆ ಬಂದದ್ದು 1970ರ ದಶಕದ ಆರಂಭದಲ್ಲಿ, ಕಲಾವಿದರಿಂದ. ಪೂರ್ವ ಲಾಸ್ ಏಂಜಲೀಸಿನ ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯ ಗಲೇರಿಯಾ ದೆ ಲಾ ರಾಸಾ, ಈ ಎರಡು ಕಡೆ ಚಿಕಾನೊ ಕಲಾವಿದರು ಪೀಠ ಕಟ್ಟಿ ಮೆರವಣಿಗೆ ಹೊರಡಿಸಿದರು. ಏಡ್ಸ್ ಮಾರಿ ಬಂದಾಗ ಅದೇ ಪೀಠಗಳ ಮೇಲೆ, ಚರ್ಚೂ ಮನೆಯವರೂ ಕೈಬಿಟ್ಟವರ ಫೋಟೊಗಳು ಬಂದವು. ಗಡಿಯ ಮರುಭೂಮಿ ದಾಟುವಾಗ ನೀರಿಲ್ಲದೆ ಸತ್ತವರಿಗೂ ಇಲ್ಲಿ ಎಡೆ ಇಡುತ್ತಾರೆ.

ತಪ್ಪು ಕಲ್ಪನೆ: ಸತ್ತವರ ದಿನಕ್ಕೆ ಮೆಕ್ಸಿಕೊ ನಗರದಲ್ಲಿ ಹೊರಡುವ ಭಾರಿ ಅಸ್ಥಿಪಂಜರ ಮೆರವಣಿಗೆ ಶತಮಾನಗಳ ಸಂಪ್ರದಾಯ.

ವಾಸ್ತವ: 2015ರ ಜೇಮ್ಸ್ ಬಾಂಡ್ ಸಿನಿಮಾ ಸ್ಪೆಕ್ಟರ್‌ನ ಮೊದಲ ದೃಶ್ಯದಲ್ಲಿ ಅಂಥ ಒಂದು ಮೆರವಣಿಗೆ ಇತ್ತು, ಸಿನಿಮಾಕ್ಕೆಂದೇ ಕಲ್ಪಿಸಿದ್ದು. ನೋಡಿದ ಪ್ರವಾಸಿಗರು ಹುಡುಕಿಕೊಂಡು ಬರುತ್ತಾರೆಂದು ಆಡಳಿತ 2016ರಲ್ಲಿ ನಿಜವಾಗಿಯೇ ಮೆರವಣಿಗೆ ಶುರುಮಾಡಿತು. ಇಷ್ಟೇ. ಹೊಸದೆಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ, ಹಳೆಯದೆಂದು ಮಾರುವುದು ಬೇಡ. 2013ರಲ್ಲಿ ಡಿಸ್ನಿ ಕಂಪನಿ ಈ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿ, ಜನ ರೊಚ್ಚಿಗೆದ್ದ ಮೇಲೆ ಹಿಂದೆಗೆದುಕೊಂಡಿತು. ಆಗ ಕಟುವಾಗಿ ವ್ಯಂಗ್ಯಚಿತ್ರ ಬರೆದ ಲಾಲೊ ಅಲ್ಕರಾಸ್ ಅವರನ್ನೇ ಆಮೇಲೆ ಇದೇ ಹಬ್ಬದ ಕಥೆಯ ಕೋಕೊ ಸಿನಿಮಾಕ್ಕೆ ಸಲಹೆಗಾರರನ್ನಾಗಿ ಕರೆಯಲಾಯಿತು.

ತಪ್ಪು ಕಲ್ಪನೆ: ಲ್ಯಾಟಿನೊ ಎಂದರೆ ಮೆಕ್ಸಿಕನ್. ಎಲ್ಲರ ಹಬ್ಬವೂ ಒಂದೇ, ಊಟವೂ ಟಾಕೊ.

ವಾಸ್ತವ: ದಕ್ಷಿಣ ಭಾರತದವರೆಲ್ಲ ಮದ್ರಾಸಿಗಳು ಎಂದರೆ ನಮಗೆ ಹೇಗೆ ಮೈ ಉರಿಯುತ್ತದೋ ಹಾಗೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಲ್ಯಾಟಿನೊ ಜನರ ಸಂಖ್ಯೆ 6.2 ಕೋಟಿ. ಅದರಲ್ಲಿ ನೂರಕ್ಕೆ ಸುಮಾರು ಅರುವತ್ತು ಮಂದಿ ಮೆಕ್ಸಿಕೊ ಮೂಲದವರು ನಿಜ, ಉಳಿದವರೂ ಕೋಟಿಗಟ್ಟಲೆ ಇದ್ದಾರೆ. ಹಿಸ್ಪಾನಿಕ್ ಎಂದರೆ ಸ್ಪ್ಯಾನಿಷ್ ಭಾಷೆಯ ನಂಟಿನವರು, ಲ್ಯಾಟಿನೊ ಎಂದರೆ ಲ್ಯಾಟಿನ್ ಅಮೆರಿಕದ ನಂಟಿನವರು. ಪೋರ್ಚುಗೀಸ್ ಮಾತಾಡುವ ಬ್ರೆಜಿಲಿನವರು ಎರಡನೆಯ ಗುಂಪಿಗೆ ಸೇರುತ್ತಾರೆ, ಮೊದಲನೆಯದಕ್ಕಲ್ಲ. ಸ್ಪೇನಿನವರದು ತಿರುಗುಮುರುಗು.

ಮಯಾಮಿಯ ಪುಟ್ಟ ಹವಾನಾ ಬಡಾವಣೆಯಲ್ಲಿ ಕಾಯೆ ಓಚೊ, ಅಂದರೆ ಎಂಟನೇ ಬೀದಿ, ಹಬ್ಬವನ್ನು 1978ರಲ್ಲಿ ಶುರುಮಾಡಿದವರು ಕ್ಯೂಬಾ ಬಿಟ್ಟು ಬಂದವರು. 1988ರಲ್ಲಿ ಅಲ್ಲಿ 1,19,986 ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಕಾಂಗಾ ಕುಣಿದು ಗಿನ್ನೆಸ್ ದಾಖಲೆ ಮಾಡಿದರು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಜೂನ್ ತಿಂಗಳ ಎರಡನೇ ಭಾನುವಾರ ಪ್ವೆರ್ತೊ ರೀಕೊದವರ ಮೆರವಣಿಗೆ. ಅದು ಶುರುವಾದದ್ದು 1958ರಲ್ಲಿ. ಆ ದಿನ ಎಲ್ಲಿ ನೋಡಿದರೂ ಬಾವುಟವೇ. ಇಷ್ಟೊಂದು ಬಾವುಟ ಯಾಕೆಂದು ನಾವೂ ಮೂಗು ಮುರಿದಿದ್ದೆವು. 1948ರಿಂದ 1957ರವರೆಗೆ ಅವರ ದ್ವೀಪದಲ್ಲಿ ಅದೇ ಬಾವುಟ ಹಾರಿಸಿದರೆ ಜೈಲೆಂದು ಕಾನೂನಿತ್ತು. ಅದು ರದ್ದಾದ ಮರುವರ್ಷವೇ ಈ ಮೆರವಣಿಗೆ.

ತಪ್ಪು ಕಲ್ಪನೆ: ಇವರೆಲ್ಲ ಈಚೆಗೆ ವಲಸೆ ಬಂದವರು. ಬಂದ ಊರಿನ ಹಬ್ಬ ಜತೆಗೆ ತಂದಿದ್ದಾರೆ.

ವಾಸ್ತವ: ಪ್ವೆರ್ತೊ ರೀಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಅವರು ನ್ಯೂಯಾರ್ಕಿಗೆ ಬರುವುದೆಂದರೆ ಬೀದರಿನವರು ಬೆಂಗಳೂರಿಗೆ ಬಂದಂತೆ, ವೀಸಾ ಯಾರು ಕೇಳಬೇಕು? ಒಟ್ಟು ಲ್ಯಾಟಿನೊ ಜನರಲ್ಲಿ ಮೂರನೇ ಎರಡು ಪಾಲು ಹುಟ್ಟಿದ್ದೇ ಅಮೆರಿಕದಲ್ಲಿ.

ಇನ್ನೂ ಹಿಂದಕ್ಕೆ ಹೋಗೋಣ. ಫ್ಲೋರಿಡಾದ ಸೇಂಟ್ ಅಗಸ್ಟೀನ್ ಪಟ್ಟಣವನ್ನು ಸ್ಪೇನಿನವರು ಕಟ್ಟಿದ್ದು 1565ರಲ್ಲಿ. ಇಂಗ್ಲಿಷರು ಜೇಮ್ಸ್‌ಟೌನ್‌ಗೆ ಕಾಲಿಟ್ಟದ್ದು 1607ರಲ್ಲಿ. ನಮ್ಮ ಕನ್ನಡಿಗರು ಗಿಜಿಗುಡುವ ಸ್ಯಾನ್ ಹೋಸೆ 1777ರದು. ಲಾಸ್ ಏಂಜಲೀಸನ್ನು 1781ರಲ್ಲಿ ನೆಲೆಗೊಳಿಸಿದ 44 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮೈಯಲ್ಲಿ ಆಫ್ರಿಕದ ರಕ್ತವಿತ್ತು. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊದ ಸುಮಾರು ಅರ್ಧ ನೆಲ ಅಮೆರಿಕಕ್ಕೆ ಹೋಯಿತು, ನೆಲದ ಜತೆ ಜನವೂ. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು ಎಂದು ಅವರು ಹೇಳುವುದು ಅಲಂಕಾರಕ್ಕಲ್ಲ. ಪ್ವೆಬ್ಲಾ ಗೆದ್ದ ಸರಗೋಸಾ ಹುಟ್ಟಿದ ಊರು ಕೂಡ ಈಗ ಟೆಕ್ಸಾಸಿನಲ್ಲಿದೆ.

ತಪ್ಪು ಕಲ್ಪನೆ: ಹಳೆಯ ಸ್ಪ್ಯಾನಿಷ್ ಉತ್ಸವಗಳೆಲ್ಲ ಲ್ಯಾಟಿನೊ ಹೆಮ್ಮೆಯವು, ಯಾರಿಗೂ ನೋವಿಲ್ಲದವು.

ವಾಸ್ತವ: ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಏಪ್ರಿಲ್ ತಿಂಗಳಿನಲ್ಲಿ ಫಿಯೆಸ್ತಾ ನಡೆಯುತ್ತದೆ. ಹೆಸರು ಸ್ಪ್ಯಾನಿಷ್, ಬಣ್ಣ ಮೆಕ್ಸಿಕನ್, ಬೀದಿ ತುಂಬ ಮೆಕ್ಸಿಕೊ ಮೂಲದವರು. ಆದರೆ 1891ರಲ್ಲಿ ಅದು ಶುರುವಾದದ್ದು ಮೆಕ್ಸಿಕೊದ ಸೋಲಿನ ನೆನಪಿಗೆ! ಮೆಕ್ಸಿಕೊ ಸೇನೆಯೆದುರು ಅಲಾಮೊ ಕೋಟೆಯಲ್ಲಿ ಸತ್ತವರಿಗೆ ಗೌರವ ಸಲ್ಲಿಸಲು, 1836ರಲ್ಲಿ ಸ್ಯಾನ್ ಹಸಿಂತೊ ಕದನದಲ್ಲಿ ಟೆಕ್ಸಾಸ್ ಗೆದ್ದುದನ್ನು ಕೊಂಡಾಡಲು, ಊರಿನ ಹೆಂಗಸರು ಸಿಂಗರಿಸಿದ ಗಾಡಿಗಳಲ್ಲಿ ಬಂದು ಒಬ್ಬರ ಮೇಲೊಬ್ಬರು ಹೂವೆಸೆದರು. ಮುಂದೆ ಸಿರಿವಂತ ಬಿಳಿಯರ ಕ್ಲಬ್ಬೊಂದು ವರ್ಷಕ್ಕೊಬ್ಬ ಉತ್ಸವದ ರಾಜನನ್ನು ಆರಿಸತೊಡಗಿತು. ಲುಲಾಕ್ ಎಂಬ ಲ್ಯಾಟಿನೊ ಸಂಘಟನೆಯ ಸ್ಥಳೀಯ ಘಟಕ ಇದನ್ನು ವಿರೋಧಿಸಿ ಕರಪತ್ರ ಹಂಚುತ್ತ ಕೂರಲಿಲ್ಲ. 1947ರಲ್ಲಿ ತನ್ನದೇ ಒಬ್ಬ ರಾಜನನ್ನು ಮಾಡಿತು. ಹೆಸರು ರೇ ಫೇಯೊ, ಕುರೂಪಿ ರಾಜ. ಬಡಮಕ್ಕಳ ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸಿದವನಿಗೇ ಕಿರೀಟ. ಈಗ ಇಬ್ಬರು ರಾಜರೂ ಒಂದೇ ಉತ್ಸವದಲ್ಲಿ ಮೆರೆಯುತ್ತಾರೆ. ನಮಗಂತೂ ಕುರೂಪಿಯೇ ಇಷ್ಟ.

ನ್ಯೂ ಮೆಕ್ಸಿಕೊದ ಸಾಂತಾ ಫೆ ಊರಿನ ಕಥೆ ಇಷ್ಟು ನಗುವಿನದಲ್ಲ. ಅಲ್ಲಿನ ಫಿಯೆಸ್ತಾ 1712ರಿಂದಿದೆ. 1680ರಲ್ಲಿ ಪ್ವೆಬ್ಲೊ ಮೂಲನಿವಾಸಿಗಳು ದಂಗೆಯೆದ್ದು ಸ್ಪೇನಿನವರನ್ನು ಓಡಿಸಿದ್ದರು. ಹನ್ನೆರಡು ವರ್ಷದ ಮೇಲೆ ದಿಯೇಗೊ ದೆ ವಾರ್ಗಾಸ್ ಮರಳಿ ಬಂದುದರ ನೆನಪಿಗೆ ಈ ಹಬ್ಬ. ಆ ಮರಳುವಿಕೆ ಶಾಂತಿಯುತವಾಗಿತ್ತೆಂದು ವರ್ಷವರ್ಷ ರೂಪಕ ಆಡುತ್ತಿದ್ದರು. ಮರುವರ್ಷ, 1693ರಲ್ಲಿ, ಹರಿದ ರಕ್ತ ಆ ರೂಪಕದಲ್ಲಿ ಇರಲಿಲ್ಲ. ಮೂಲನಿವಾಸಿ ಯುವಕರು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಪ್ರತಿಭಟಿಸಿದ ಮೇಲೆ 2018ರಲ್ಲಿ ರೂಪಕವನ್ನು ಕೈಬಿಟ್ಟರು. ಹಬ್ಬ ಉಳಿಯಿತು. ಒಬ್ಬರ ಪರಂಪರೆ ಇನ್ನೊಬ್ಬರ ಗಾಯವಾಗಬಹುದೆಂದು ಒಪ್ಪಿಕೊಂಡ ಊರನ್ನು ನಾವು ಹೆಚ್ಚು ಕಂಡಿಲ್ಲ.

ತಪ್ಪು ಕಲ್ಪನೆ: ಅಮೆರಿಕ ಸರ್ಕಾರ ಘೋಷಿಸಿದ ಹಿಸ್ಪಾನಿಕ್ ಪರಂಪರೆಯ ಮಾಸ ಸೆಪ್ಟೆಂಬರ್ ತಿಂಗಳ ನಡುವೆ ಶುರುವಾಗುವುದು ಸರ್ಕಾರದ ಎಡವಟ್ಟು.

ವಾಸ್ತವ: ಸೆಪ್ಟೆಂಬರ್ 15 ಗ್ವಾತೆಮಾಲಾ, ಎಲ್ ಸಾಲ್ವದೋರ್, ಹೊಂಡುರಾಸ್, ನಿಕರಾಗ್ವಾ, ಕೋಸ್ತಾ ರೀಕಾ ಐದೂ ದೇಶಗಳ ಸ್ವಾತಂತ್ರ್ಯ ದಿನ. 16 ಮೆಕ್ಸಿಕೊದ್ದು, 18 ಚಿಲಿಯದು. ಅಧ್ಯಕ್ಷ ಜಾನ್ಸನ್ ಕಾಲದಲ್ಲಿ, 1968ರಲ್ಲಿ, ಹಿಸ್ಪಾನಿಕ್ ಪರಂಪರೆಗೆ ಆ ದಿನಗಳ ಸುತ್ತ ಒಂದು ವಾರ ಕೊಟ್ಟರು. 1988ರಲ್ಲಿ ಅಕ್ಟೋಬರ್ 15ರವರೆಗೆ ಹಿಗ್ಗಿಸಿದರು.

ತಪ್ಪು ಕಲ್ಪನೆ: ಕುಣಿತ, ಕುಡಿತ, ತಿಂಡಿ, ಅಷ್ಟೇ. ಹಬ್ಬ ಮಾಡುವುದರಲ್ಲಿ ಧೈರ್ಯದ ಮಾತೇನು ಬಂತು?

ವಾಸ್ತವ: ದಕ್ಷಿಣ ಫಿಲಡೆಲ್ಫಿಯಾದಲ್ಲಿ ಪ್ವೆಬ್ಲಾ ರಾಜ್ಯದಿಂದ ಬಂದವರು ತುಂಬ ಇದ್ದಾರೆ. ಎಷ್ಟೋ ಮಂದಿ ಪೊಪೊಕಾತೆಪೆತ್ಲ್ ಜ್ವಾಲಾಮುಖಿಯ ತಪ್ಪಲಿನ ಸ್ಯಾನ್ ಮತೇವೊ ಓಸೋಲ್ಕೊ ಎಂಬ ಒಂದೇ ಹಳ್ಳಿಯವರು, ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವವರು. ಅವರು ನಡೆಸುವ ಪ್ವೆಬ್ಲಾ ಕಾರ್ನಿವಾಲಿನಲ್ಲಿ ಮುಖವಾಡ ಹಾಕಿ, ಮದ್ದಿನ ಕೋವಿ ಹಿಡಿದು, ಫ್ರೆಂಚರ ವಿರುದ್ಧದ 1862ರ ಆ ಕಾಳಗವನ್ನೇ ಆಡುತ್ತಾರೆ. ಬಿಯರ್ ಜಾಹೀರಾತಿನ ಮೇ 5 ಎಲ್ಲಿ, ಈ ಕುಣಿತವೆಲ್ಲಿ! ದೂರದ ಊರುಗಳಿಂದ ಸಾವಿರಾರು ಜನ ಬರುತ್ತಿದ್ದ ಆ ಉತ್ಸವವನ್ನು 2017ರಲ್ಲಿ ಸಂಘಟಕರೇ ರದ್ದು ಮಾಡಿದರು. ಅನುಮತಿ ಇಲ್ಲವೆಂದಲ್ಲ, ಹಣ ಸಾಲದೆಂದೂ ಅಲ್ಲ. ಒಂದೇ ಬೀದಿಯಲ್ಲಿ ಅಷ್ಟು ಜನ ಸೇರಿದರೆ ವಲಸೆ ಇಲಾಖೆಯವರು ಬಂದು ಹಿಡಿದೊಯ್ಯಬಹುದೆಂಬ ಭಯಕ್ಕೆ.

ತಪ್ಪು ಕಲ್ಪನೆ: ಹೊರಗಿನವರು ಈ ಹಬ್ಬಗಳಿಗೆ ಹೋಗಬಾರದು.

ವಾಸ್ತವ: ಹೋಗಬಹುದು, ಕರೆಯುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರು ನವೆಂಬರ್ 1ರ ರಾಜ್ಯೋತ್ಸವವನ್ನು ಹೇಗೂ ಬಿಡುವು ಸಿಕ್ಕ ಶನಿವಾರಕ್ಕೆ ತಳ್ಳುತ್ತೀರಿ. ಹಾಗಾಗಿ 2ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಗೆ ಹೋಗಿಬನ್ನಿ. ಹುಲ್ಲು ಟೋಪಿ ಬೇಡ. ಪೀಠದ ಮುಂದೆ ಕೂತವರ ಫೋಟೊ ತೆಗೆಯುವ ಮುಂಚೆ ಕೇಳಿ. ಕೈಯಲ್ಲಿ ಏನು ಹಿಡಿದು ಹೋಗುವುದೆಂದು ಯೋಚಿಸಬೇಡಿ, ಒಂದು ಮೊಳ ಚೆಂಡುಹೂವು ಸಾಕು.